ಮಕ್ಕಳ ಸಹಿ ಕೇಳುತ್ತಿದ್ದ ಯಜಮಾನರು

ಅವರ ಹೆಸರನ್ನು ನನ್ನ ಹೆಸರಿಗಿಂತ ಹೆಚ್ಚು ಸಲ ಬರೆದ ಕೈ ಇದು. ತಂದೆಯ ಹೆಸರು, ವಯಸ್ಸು, ಕಸುಬು, ವಾಸ, ಎಲ್ಲ ಸಮೇತ ಬರೆದಿದ್ದೇನೆ. ಆದ್ದರಿಂದ ಇಲ್ಲೊಂದು ಸಲ ಬರೆಯದೆ ಬಿಟ್ಟರೆ ಅವರಿಗೆ ಅನ್ಯಾಯವೇನೂ ಆಗದು. ಕಾಗದಗಳಲ್ಲಿ ಅವರು ಯಾವತ್ತೂ ‘ಮೊದಲನೇ ಪಾರ್ಟಿ’. ಹಿಂದೂಪುರದ ಬಜಾರಿನಲ್ಲಿ ‘ಯಜಮಾನರು’. ಹೋದ ಕಾರ್ತೀಕದ ಒಂದು ಸೋಮವಾರ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳಲು ಕನ್ನಡಿಯ ಮುಂದೆ ನಿಂತವರು ಅಲ್ಲೇ ಕುಸಿದರಂತೆ. ಇಂಥ ಸಾವು ಪುಣ್ಯವಂತರಿಗೆ ಮಾತ್ರ ಎಂದು ನೋಡಲು ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ. ದಸ್ತಾವೇಜು ಬರೆಯುವವನಿಗೆ ಬೇರೆಯವರು ಹೇಳಿದ್ದನ್ನು ಒಪ್ಪವಾಗಿ ಮತ್ತೊಮ್ಮೆ ಹೇಳುವ ಅಭ್ಯಾಸ ಇರುತ್ತದೆ.

ನನ್ನ ಊರು ಕಲ್ಯಾಣದುರ್ಗ. ಆದರೆ ಇಪ್ಪತ್ತೆರಡು ವರ್ಷ ಹಿಂದೂಪುರದ ರಿಜಿಸ್ಟ್ರಾರ್ ಕಚೇರಿಯ ಎದುರು ಒಂದು ಮೇಜು, ಒಂದು ಕುರ್ಚಿ, ಒಂದು ಸ್ಟಾಂಪ್ ಪ್ಯಾಡು ಇಟ್ಟುಕೊಂಡು ಜನರ ಆಸ್ತಿಪಾಸ್ತಿಗಳನ್ನು ಅಕ್ಷರಕ್ಕೆ ಇಳಿಸುತ್ತ ಕೂತಿದ್ದೆ. ಬರೆಯುವುದು ತೆಲುಗಿನಲ್ಲಿ, ಓದಿ ಹೇಳುವುದು ಕನ್ನಡದಲ್ಲಿ, ಬೈಸಿಕೊಳ್ಳುವುದು ಎರಡರಲ್ಲೂ. ಯಜಮಾನರಿಗೆ ಹುಣಸೆಹಣ್ಣಿನ ಮಂಡಿಗಳ ಹಿಂದೆ ಸಾಲಾಗಿ ಹನ್ನೊಂದು ಅಂಗಡಿಗಳಿದ್ದವು. ಹನ್ನೊಂದು ಅಂಗಡಿ, ಹನ್ನೊಂದು ತಿಂಗಳ ಕರಾರು. ಒಂದು ಮುಗಿದರೆ ಇನ್ನೊಂದು. ನನ್ನ ಮನೆಯ ಅಕ್ಕಿ ಬೇಳೆಯ ಬಹುಭಾಗ ಆ ಸಾಲಿನಿಂದಲೇ ಬರುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಒಪ್ಪಿಕೊಳ್ಳಬೇಕಾದದ್ದು ಬೇರೆ ಇದೆ.

ಬಿಳಿ ಅಂಗಿ, ಹಣೆಯಲ್ಲಿ ಮೂರು ಗೆರೆ, ಎಡಗೈಯಲ್ಲಿ ಯಾವಾಗಲೂ ಮಡಿಸಿದ ಕರವಸ್ತ್ರ. ಅವರ ದನಿ ಏರಿದ್ದನ್ನು ಯಾರೂ ಕೇಳಿಲ್ಲ. ಬಾಡಿಗೆ ತಡವಾದರೆ ಅಂಗಡಿಯ ಮುಂದೆ ಬಂದು ನಿಂತು, “ಊಟ ಆಯ್ತೇನಪ್ಪ?” ಎನ್ನುತ್ತಿದ್ದರು. ಅಷ್ಟೇ. ಆ ಪ್ರಶ್ನೆ ಕೇಳಿದ ಮೇಲೆ ಊಟ ಮಾಡಿದವರನ್ನು ನಾನು ನೋಡಿಲ್ಲ.

ಅವರದೊಂದು ಪದ್ಧತಿ ಇತ್ತು. ಅಂಗಡಿ ಕೇಳಿಕೊಂಡು ಬಂದವನ ಜಾತಿ, ಊರು, ವ್ಯಾಪಾರ ಯಾವುದನ್ನೂ ಅವರು ವಿಚಾರಿಸುತ್ತಿರಲಿಲ್ಲ. “ಮನೇಲಿ ಚಿಕ್ಕ ಕೈ ಯಾರದು?” ಎಂದು ಕೇಳುತ್ತಿದ್ದರು. ಚಿಕ್ಕ ಕೈ ಎಂದರೆ ಆ ಮನೆಯಲ್ಲಿ ಹೆಸರು ಬರೆಯಲು ಬರುವ ಅತಿ ಕಿರಿಯ ಮಗು. ದೊಡ್ಡವನ ಸಹಿಯ ಕೆಳಗೆ ಆ ಮಗು ಎರಡನೇ ಸಹಿ ಹಾಕಬೇಕು. ಜೊತೆಗೆ ಮಗುವಿನ ವಯಸ್ಸಿಗೆ ಆಧಾರವಾಗಿ ಶಾಲೆಯ ಒಂದು ಅಸಲು ಕಾಗದ ಅವರ ಪೆಟ್ಟಿಗೆಯಲ್ಲಿರಬೇಕು. ಜನ ಇದನ್ನು ಶುಭವೆಂದು ತಿಳಿದರು. ಮಕ್ಕಳ ಕೈಗುಣದಿಂದ ವ್ಯಾಪಾರ ಏಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮೊದಲಿನಿಂದಲೂ ಇದೆ. ಹೊಸ ಅಂಗಡಿಯ ಮೊದಲ ಬೋಣಿಯನ್ನು ಮಗಳ ಕೈಯಲ್ಲಿ ಮಾಡಿಸುವವರು ಈಗಲೂ ಇದ್ದಾರೆ. ಹೀಗಾಗಿ ಸಹಿಯ ದಿನ ಮಕ್ಕಳು ಹಬ್ಬದ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಒಬ್ಬ ತಾಯಿಯಂತೂ ಮಗನ ಹಣೆಗೆ ಕುಂಕುಮ ಇಟ್ಟು, ದೃಷ್ಟಿ ತೆಗೆದು ಕರೆತಂದಿದ್ದಳು.

ಯಜಮಾನರು ಮಗುವಿನ ಮುಖ ನೋಡುತ್ತಿರಲಿಲ್ಲ, ಮೊದಲು ಕೈ ನೋಡುತ್ತಿದ್ದರು. “ಎಷ್ಟನೇ ಕ್ಲಾಸು?” ಎಂದು ಕೇಳುತ್ತ ತಮ್ಮ ಕರವಸ್ತ್ರದಿಂದ ಅದರ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಮಕ್ಕಳಿಗೆಂದೇ ಹಸಿರು ಮುಚ್ಚಳದ ಒಂದು ಇಂಕ್ ಪೆನ್ನು. ಸಹಿಯಾದ ಮೇಲೆ ಶಾಯಿಯ ಮೇಲೆ ತಾವೇ ಬಗ್ಗಿ ಊದಿ, “ಈಗ ದೊಡ್ಡೋಳಾದೆ ಕಣಮ್ಮ. ಅಂಗಡಿ ನಿಂದೂ ಹೌದು,” ಎನ್ನುತ್ತಿದ್ದರು. ಮಗು ಅರ್ಧ ಅಂಗುಲ ಎತ್ತರವಾಗಿ ಮನೆಗೆ ಹೋಗುತ್ತಿತ್ತು.

ಇನ್ನು ಕಾನೂನಿನ ಮಾತು. ಹದಿನೆಂಟು ತುಂಬದವರು ಮಾಡಿದ ಕರಾರು ಈ ದೇಶದಲ್ಲಿ ಕರಾರೇ ಅಲ್ಲ. ದೊಡ್ಡವನೊಬ್ಬ, ಮಗುವೊಂದು ಸೇರಿ ಅಂಗಡಿ ಬಾಡಿಗೆಗೆ ಸಹಿ ಹಾಕಿದರೆ ಹೊಣೆ ಪೂರ್ತಿ ದೊಡ್ಡವನದು. ಮಗುವಿನ ಸಹಿ ಕಾಗದದ ಮೇಲೆ ಕೂತ ನೊಣ. ದೊಡ್ಡದಾದ ಮೇಲೆ ‘ಅವತ್ತು ಹಾಕಿದ ಸಹಿಯನ್ನು ಒಪ್ಪಿದ್ದೇನೆ’ ಎಂದು ಬರೆದುಕೊಟ್ಟರೂ ಸತ್ತದ್ದು ಏಳುವುದಿಲ್ಲ. ಹದಿನೆಂಟಾದ ಮೇಲೆ ಹೊಸದಾಗಿ, ಹೊಸ ಕಾಗದದ ಮೇಲೆ ಹಾಕಿದ್ದಕ್ಕೆ ಮಾತ್ರ ಜೀವ. ಇದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಒಮ್ಮೆ ನಾನು, ವೃತ್ತಿಧರ್ಮ ಒಮ್ಮೆಯಾದರೂ ಕೆಮ್ಮಬೇಕಲ್ಲ ಎಂದು, “ಯಜಮಾನ್ರೆ, ಇದು ಮೈನರು,” ಎಂದು ಗೊಣಗಿದೆ.

“ದೇವ್ರೂ ಮೈನರೇ ರೈಟ್ರೇ,” ಎಂದರು. “ಕೋರ್ಟಲ್ಲಿ ಕೇಳ್ನೋಡಿ. ಗುಡಿ ಆಸ್ತಿಗೆ ಶಿವನ ಪರವಾಗಿ ಬೇರೆಯವ್ರೇ ಸೈನ್ ಹಾಕ್ಬೇಕು. ಹಂಗಂತ ಕೈ ಮುಗಿಯೋದು ಬಿಟ್ಟಿದ್ದೀವಾ?”

ನಾನು ಪೆನ್ನಿನ ಮುಚ್ಚಳ ತೆಗೆದು ಬರೆಯಲು ತೊಡಗಿದೆ. ಮತ್ತೆ ಕೆಮ್ಮು ಬರಲಿಲ್ಲ. ಕರಾರನ್ನು ಪಾರ್ಟಿಗಳಿಗೆ ಕನ್ನಡದಲ್ಲಿ ಓದಿ ಹೇಳುವಾಗ ಮಗುವಿನ ಹೆಸರಿರುವ ಸಾಲನ್ನು ಸ್ವಲ್ಪ ಬೇಗ ಓದುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಆ ಸಾಲನ್ನು ಇನ್ನೊಮ್ಮೆ ಓದಿ ಎಂದು ಯಾರೂ ಕೇಳಲಿಲ್ಲ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೊಂದು ತೆಲುಗು ಕ್ಯಾಲೆಂಡರು. ಏಕಾದಶಿ, ಸಂಕಷ್ಟಿ, ಗ್ಯಾಸ್ ಸಿಲಿಂಡರ್ ಬಂದ ದಿನ, ಇವುಗಳ ನಡುವೆ ಚೌಕಗಳಲ್ಲಿ ಮಕ್ಕಳ ಹೆಸರುಗಳು. ವರ್ಷ ಬದಲಾದಾಗ ಹಳೆಯದರಿಂದ ಹೊಸದಕ್ಕೆ ಅವುಗಳನ್ನೆಲ್ಲ ತಾವೇ ಎತ್ತಿ ಬರೆಯುತ್ತಿದ್ದರು, ಪಕ್ಕದಲ್ಲಿ ಅಂಕಿ ಒಂದು ಹೆಚ್ಚಿಸಿ. ಹದಿನಾಲ್ಕು, ಹದಿನೈದು, ಹದಿನಾರು. ಅಂಕಿ ಹದಿನೆಂಟು ಮುಟ್ಟಿದ ದಿನ ಬೆಳಿಗ್ಗೆ ಕಾಲು ಕಿಲೋ ಬಾದುಷಾ ಕಟ್ಟಿಸಿಕೊಂಡು, ಎಷ್ಟು ದೂರದ ಹಳ್ಳಿಯಾದರೂ ಬಸ್ಸು ಹತ್ತಿ ಹೋಗುತ್ತಿದ್ದರು. ಒಂದು ಕೈಯಲ್ಲಿ ಬಾದುಷಾ ಡಬ್ಬ, ಇನ್ನೊಂದರಲ್ಲಿ ಹೊಸ ಸ್ಟಾಂಪ್ ಪೇಪರು. ಬಾಡಿಗೆದಾರನ ಮಗುವಿನ ಹುಟ್ಟಿದ ದಿನ ನೆನಪಿಟ್ಟುಕೊಳ್ಳುವ ಯಜಮಾನ ಎಲ್ಲಿ ಸಿಗುತ್ತಾನೆ ಎಂದು ಜನ ಕಣ್ಣು ಒರೆಸಿಕೊಂಡರು. ಮಗು ಸಿಹಿ ತಿಂದ ಕೈಯಲ್ಲೇ ಸಹಿ ಹಾಕುತ್ತಿತ್ತು. ಅಲ್ಲಿಯವರೆಗೆ ಅದು ಆಟವಾಗಿದ್ದರೂ ಅಲ್ಲಿಂದ ಮುಂದೆ ಆಟವಲ್ಲ.

ಆರನೇ ನಂಬರಿನಲ್ಲಿ ಒಂದು ಫೋಟೋ ಸ್ಟುಡಿಯೋ. ಅದನ್ನಿಟ್ಟಿದ್ದವರ ಮಗ ಹನ್ನೆರಡನೇ ವಯಸ್ಸಿನಲ್ಲಿ ಎರಡನೇ ಸಹಿ ಹಾಕಿದ್ದ. ಅವನಿಗೆ ಹದಿನೇಳಾಗಿದ್ದಾಗ ತಂದೆ ಹೋದರು. ಹುಡುಗನಿಗೆ ಪಾಲಿಟೆಕ್ನಿಕ್ ಸೀಟು ಸಿಕ್ಕಿತ್ತು. ಯಜಮಾನರು ಹದಿಮೂರನೇ ದಿನದ ಊಟಕ್ಕೆ ಹೋಗಿ, ಎಲೆಯ ಮುಂದೆ ಕೂತು, “ಅಪ್ಪ ಇಲ್ಲ ಅಂತ ಎದೆಗುಂದ್ಬೇಡ ಕಣಪ್ಪ. ಅಂಗಡೀಲಿ ನಿನ್ನ ಸೈನ್ ಐತೆ,” ಎಂದರು. ಸಮಾಧಾನದ ಮಾತು. ನಾನೂ ಪಕ್ಕದ ಎಲೆಯಲ್ಲಿದ್ದೆ, ಪಾಯಸ ಉಣ್ಣುತ್ತಿದ್ದೆ. ಹುಡುಗ ಪಾಲಿಟೆಕ್ನಿಕ್ಕಿಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಅವನಿಗೀಗ ಮೂವತ್ತೈದರ ಹತ್ತಿರ. ಊರಿನವರೆಲ್ಲರ ಕೈಯಲ್ಲೂ ಕ್ಯಾಮೆರಾ ಬಂದಿದೆ. ಅವನು ದಿನಾ ಒಂಬತ್ತಕ್ಕೆ ಷಟರ್ ಎತ್ತಿ, ಪಾಸ್‌ಪೋರ್ಟ್ ಅಳತೆಯ ಮುಖಗಳಿಗಾಗಿ ಕಾಯುತ್ತ ಕೂರುತ್ತಾನೆ.

ಯಜಮಾನರು ಹೀಗೇಕಾದರು ಎಂಬುದನ್ನು ಅವರೇ ಒಮ್ಮೆ ಹೇಳಿದ್ದರು, ರಿಜಿಸ್ಟ್ರಾರರು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಮೇಜಿನ ಪಕ್ಕ ಕೂತು, ಕಡಲೆಕಾಯಿ ಬಿಡಿಸುತ್ತ.

“ನಂಗೆ ಹದಿನಾಲ್ಕು. ಅಪ್ಪ ಕೌಲಿಗೆ ಹಿಡಿದಿದ್ದ ಗೋಡೌನ್ ಕಾಗದಕ್ಕೆ ನನ್ನ ಕೈಲೂ ಬರೆಸಿದ್ರು. ಆರು ತಿಂಗ್ಳಿಗೆ ಅಪ್ಪ ತೀರ್ಕೊಂಡ. ಗೋಡೌನಿನ ಯಜಮಾನ ಬಂದ. ನಿನ್ನ ಸೈನ್ ಐತಲ್ಲಪ್ಪ ಅಂದ. ಸ್ಕೂಲ್ ಬಿಟ್ಟೆ. ಅಲ್ಲೇ ಮೂಟೆ ಹೊತ್ತೆ. ಹತ್ತು ವರ್ಷ ರೈಟ್ರೇ.”

“ಆಮೇಲೆ?”

“ಆಮೇಲೇನು. ತೀರಿಸ್ದೆ. ಮುಂದೆ ಬಂದೆ. ನಲವತ್ತು ವರ್ಷ ಆದ್ಮೇಲೆ ಬೇರೆ ಯಾವುದೋ ಕೇಸಿಗೆ ವಕೀಲ್ರತ್ರ ಹೋಗಿದ್ದಾಗ ಮಾತಿಗೆ ಮಾತು ಬಂತು. ಅದು ಚೆಲ್ಲದು ಯಜಮಾನ್ರೆ, ಸಲ್ಲೋದೇ ಇಲ್ಲ, ನೀವು ಒಂದು ದಿನಾನೂ ಹೊರಬೇಕಾಗಿರ್ಲಿಲ್ಲ ಅಂದ್ರು.” ಒಂದು ಕಾಯಿ ಒಡೆದು, ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರು. “ನನ್ನ ಕಟ್ಟಿ ಹಾಕಿದ್ದು ಆ ಗೋಡೌನಿನವ್ನಲ್ಲ. ಅವತ್ತು ಗೊತ್ತಾಯ್ತು. ದೊಡ್ಡೋರ ಸೈನ್ನ ಕೋರ್ಟು ಹಿಡ್ಕೊಂತದೆ, ಅವ್ರು ಬಿಡಿಸ್ಕೊಂಡು ಓಡ್ತಾರೆ. ಮಕ್ಕಳ ಸೈನ್ನ ಮಕ್ಕಳೇ ಹಿಡ್ಕೊಂತಾರೆ. ಬಿಡು ಅಂದ್ರೂ ಬಿಡಲ್ಲ.”

ಬೀಜವನ್ನು ಬಾಯಿಗೆ ಹಾಕಿಕೊಂಡರು. ಇದನ್ನು ಕೇಳಿಯೂ ಅವತ್ತು ಮಧ್ಯಾಹ್ನದ ಮೇಲೆ ಅವರಿಗಾಗಿ ಎರಡು ಕರಾರು ಬರೆದೆ ಎಂಬುದೂ ದಾಖಲೆಯಲ್ಲಿರಲಿ.

ಮಂಡಿ ನೋವು ಹೆಚ್ಚಾಗಿ ನಾನು ಕಲ್ಯಾಣದುರ್ಗಕ್ಕೆ ವಾಪಸು ಬಂದು ಒಂದೂವರೆ ವರ್ಷವಾಗಿತ್ತು. ಗಣೇಶನ ಹಬ್ಬ ಮುಗಿದ ವಾರ, ಕುಂದುರ್ಪಿ ಬಸ್ಸಿನಿಂದ ಇಳಿದ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು ನನ್ನ ಮನೆ ಹುಡುಕಿಕೊಂಡು ಬಂದರು.

“ಇವ್ರೇನೇ ಕಾಗ್ದ ಬರ್ದೋರು?” ಅಜ್ಜಿ ಬಾಗಿಲಲ್ಲೇ ಕೇಳಿದಳು.

“ಇವ್ರೇ ಅವ್ವ. ಕನ್ನಡಕ ಬದ್ಲಾಗೈತೆ,” ಎಂದಳು ಹುಡುಗಿ. ಹೆಸರು ಸುಕನ್ಯ.

ನೆನಪಾಯಿತು. ಎಂಟನೇ ನಂಬರು, ಮೊಬೈಲ್ ರಿಪೇರಿ. ಬಾಡಿಗೆದಾರ ಈ ಅಜ್ಜಿಯ ಮಗ. ಅವನಿಗೆ ಮಕ್ಕಳಿಲ್ಲದ್ದರಿಂದ ಅಕ್ಕನ ಮಗಳನ್ನು ‘ಚಿಕ್ಕ ಕೈ’ ಎಂದು ಕರೆತಂದಿದ್ದ. ನಾನು ಹಿಂದೂಪುರ ಬಿಡುವ ಮುಂಚೆ ಬರೆದ ಕೊನೆಯ ಕರಾರುಗಳಲ್ಲೊಂದು ಅದು. ಅದು ಮುಗಿಯುವ ಹೊತ್ತಿಗೆ ಯಜಮಾನರು ಹಳೆಯ ಷರತ್ತುಗಳನ್ನೇ ಮುಂದುವರಿಸಿ ಮತ್ತೊಂದಕ್ಕೆ ಇಬ್ಬರ ಸಹಿಯನ್ನೂ ಹಾಕಿಸಿಕೊಂಡಿದ್ದರು. ಎರಡು ತಿಂಗಳ ಹಿಂದೆ ಮಾವ ಷಟರ್ ಎಳೆದು ಹೋದವನು ಬರಲಿಲ್ಲ. ಫೋನು ಸತ್ತಿದೆ. ಬಳ್ಳಾರಿ ಕಡೆ ಎನ್ನುತ್ತಾರೆ ಕೆಲವರು.

“ಯಜಮಾನ್ರು ಮನೇಗೇ ಬಂದ್ಬುಟ್ರು ತಾತ,” ಎಂದಳು ಸುಕನ್ಯ. “ಬೈಲಿಲ್ಲ. ಮಾವ ಹೋದ್ರೇನು, ನೀನಿದ್ದೀಯಲ್ಲ ತಾಯಿ, ಅಂಗಡಿ ತೆಗಿ ಅಂದ್ರು. ಇಪ್ಪತ್ತು ದಿನ ಹೋಗಿ ಕೂತಿದ್ದೆ. ಸತ್ತೋದ ಫೋನುಗಳ ಮಧ್ಯೆ. ಜನ ಬಂದು ನಮ್ಮ ಫೋನ್ ಕೊಡು ಅಂತ ನನ್ನೇ ಬಯ್ಯೋರು.”

“ಅನಂತಪುರದಲ್ಲಿ ನರ್ಸಿಂಗ್ ಸೀಟ್ ಸಿಕ್ಕೈತೆ ಸ್ವಾಮಿ,” ಎಂದಳು ಅಜ್ಜಿ. “ನಾಳಿದ್ದೇ ಕಡೇ ದಿನವಂತೆ. ಟೆಂತಿಂದು ಅಸಲು ಮಾರ್ಕ್ಸ್ ಲಿಸ್ಟ್ ಇಲ್ದೆ ಸೇರಿಸ್ಕೊಳ್ಳಲ್ಲವಂತೆ. ಅದು ಅವರ ಪೆಟ್ಗೇಲೈತೆ.”

ಹುಡುಗಿಗೆ ಇನ್ನೂ ಹದಿನೆಂಟಾಗಿಲ್ಲ ಎಂದು ತೋರಿಸುವ ಕಾಗದವೂ ಅದೇ, ಹುಡುಗಿ ಮುಂದೆ ಹೋಗಲು ಬೇಕಾದ ಕಾಗದವೂ ಅದೇ. ಎರಡೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಯಜಮಾನರ ಪೆಟ್ಟಿಗೆಯಲ್ಲಿ.

“ಹುಟ್ಟಿದ ದಿನ ಯಾವತ್ತಮ್ಮ?”

“ನಾಳಿದ್ದೇ.”

ನನಗೆ ಆ ಗೋಡೆಯ ಕ್ಯಾಲೆಂಡರು ಕಣ್ಣ ಮುಂದೆ ಬಂತು.

“ತಾತ, ಅದೆಲ್ಲ ನಾನು ಹೊರಬೇಕಾ? ಅಂಗಡೀಲಿ ನಾನೇ ಕೂರ್ಬೇಕಾ?”

“ಬೇಕಾಗಿಲ್ಲ,” ಎಂದೆ.

ಇಪ್ಪತ್ತೆರಡು ವರ್ಷ ನಾಲಿಗೆಯ ಮೇಲೆ ಬಾರದ ಒಂದು ಮಾತು. ಬಂದ ಮೇಲೆ ಅಷ್ಟೇನೂ ಭಾರವಿರಲಿಲ್ಲ. ಬಿಡಿಸಿ ಹೇಳಿದೆ. ಹೊಣೆ ನಿಮ್ಮ ಮಾವನೊಬ್ಬನದು. ಅಂಗಡಿ ಖಾಲಿ ಮಾಡಿಸಿಕೊಳ್ಳುವ ಹಕ್ಕು ಯಜಮಾನರದು. ನಿನ್ನ ಸಹಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಾರ್ಕ್ಸ್ ಲಿಸ್ಟ್ ಇಟ್ಟುಕೊಳ್ಳಲು ಅವರಿಗೆ ಅಧಿಕಾರವೇ ಇಲ್ಲ. ಆದರೆ ನಾಳಿದ್ದು, ನಿನ್ನ ಹುಟ್ಟಿದ ದಿನ, ಒಂದು ಹೊಸ ಕಾಗದ ಮುಂದಿಡುತ್ತಾರೆ. ಅದಕ್ಕೆ ಹಾಕಿದರೆ ಮಾತ್ರ ಬಿಡಿಸಲು ನನ್ನಿಂದಾಗದು.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದಳು: “ಅವತ್ತು ಬರೆಯೋವಾಗ ಗೊತ್ತಿತ್ತಾ ನಿಮ್ಗೆ?”

“ಸುಮ್ಕಿರೇ,” ಎಂದಳು ಅಜ್ಜಿ. “ದೊಡ್ಡೋರ್ನ ಹಂಗೆಲ್ಲ ಕೇಳ್ತಾರಾ?”

“ಗೊತ್ತಿತ್ತು,” ಎಂದೆ.

“ಹಂಗಾರೆ ನಾಳೆ ನೀವೂ ಬನ್ನಿ.”

ಹೋದೆ. ಎರಡು ಬಸ್ಸು, ಒಂದು ಆಟೋ. ಯಜಮಾನರು ಜಗಲಿಯಲ್ಲೇ ಕೂತಿದ್ದರು. ಹುಣಸೆಹಣ್ಣಿನ ಹುಳಿ ವಾಸನೆ ಆ ಬೀದಿಯ ಗೋಡೆಗಳಿಗೇ ಹತ್ತಿಕೊಂಡಿದೆ. ನಾನು ಅದನ್ನು ಮರೆತಿದ್ದೆ.

“ಬನ್ನಿ ರೈಟ್ರೇ. ಮಂಡಿ ಹೆಂಗೈತೆ?” ಎಂದರು. ಸುಕನ್ಯಳ ಕಡೆ ತಿರುಗಿ, “ಒಂದು ದಿನ ಮುಂಚೇನೇ ಬಂದ್ಬುಟ್ಯಲ್ಲ ತಾಯಿ.”

“ನಾಳೆ ಹನ್ನೊಂದಕ್ಕೆ ಅನಂತಪುರದಲ್ಲಿರ್ಬೇಕು. ಮಾರ್ಕ್ಸ್ ಲಿಸ್ಟ್ ಕೊಡಿ.”

“ಕೊಡಾಣ. ಯಾಕೆ ಕೊಡಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಬಾ. ಬಾದುಷಾ ತಿನ್ನು, ಒಂದು ಸೈನ್ ಹಾಕು, ಏಳು ಗಂಟೆ ಬಸ್ಸಿಗೆ ಕೂತ್ರೆ ಹತ್ತಕ್ಕೆಲ್ಲ ಅನಂತಪುರ. ಓದೋದು ಬೇಡ ಅಂತೀನಾ ನಾನು? ಓದು. ಅಂಗಡಿ ನಿನ್ನ ಹೆಸರಲ್ಲಿರ್ಲಿ, ಅಷ್ಟೇ. ರಜಾದಾಗ ಬಂದು ನೋಡ್ಕೊ.”

ಅವರ ಮೊಣಕೈ ಪಕ್ಕದಲ್ಲಿ ಆ ಹೊಸ ಕಾಗದವೂ ಇತ್ತು. ಕಂಪ್ಯೂಟರ್ ಸೆಂಟರಿನಲ್ಲಿ ಅಚ್ಚು ಹೊಡೆಸಿದ್ದು. ಭಾಷೆ ಮಾತ್ರ ನನ್ನದೇ, ನನ್ನ ಹಳೆಯ ಕರಾರಿನಿಂದ ಒಂದಕ್ಷರ ಬಿಡದೆ ಎತ್ತಿದ್ದು. ಮೊದಲನೇ ಪಾರ್ಟಿಯ ಜಾಗದಲ್ಲಿ ಅವರ ಸಹಿ ಆಗಲೇ ಬಿದ್ದಿತ್ತು. ತಾರೀಖು ನಾಳೆಯದು.

ಸುಕನ್ಯ ಕಾಗದವನ್ನು ನೋಡಿದಳು. “ತಾತ,” ಎಂದು ನನ್ನತ್ತ ತಿರುಗಿದಳು, “ನಿನ್ನೆ ನನ್ಗೆ ಹೇಳಿದ್ದನ್ನ ಇವರ ಮುಂದೇನೂ ಹೇಳಿ.”

ಕೋರ್ಟಿನಲ್ಲಿ ಸಾಕ್ಷಿ ಹೇಳುವವರನ್ನು ಬಹಳ ನೋಡಿದ್ದೇನೆ. ನೀರು ಕೇಳುವವರು, ಕನ್ನಡಕ ಒರೆಸುವವರು, ಪ್ರಶ್ನೆ ಇನ್ನೊಮ್ಮೆ ಕೇಳಿ ಎನ್ನುವವರು. ನಾನು ಈ ಮೂರನ್ನೂ ಮಾಡಿದೆ. ನೀರು ತಂದುಕೊಟ್ಟವರು ಯಜಮಾನರೇ. ಕುಡಿದು ಲೋಟ ಕೆಳಗಿಟ್ಟೆ.

“ಇವಳು ಏನೂ ಕೊಡಬೇಕಾಗಿಲ್ಲ, ಯಜಮಾನ್ರೆ. ಅವಳ ಸಹಿ ಚೆಲ್ಲದು. ಆ ಲಿಸ್ಟ್ ನೀವು ಇಟ್ಕೊಳ್ಳೋ ಹಂಗಿಲ್ಲ.”

ಅವರಿಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಕರವಸ್ತ್ರ ತೆಗೆದು ತಮ್ಮ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಎದ್ದು ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಪ್ಲಾಸ್ಟಿಕ್ ಕವರು ಹಿಡಿದು ಬಂದರು. ಮೂಲೆ ಮಡಿಸದ, ಕಲೆ ಬೀಳದ ಕಾಗದ. ಮನೆಯಲ್ಲಿದ್ದರೆ ಅಷ್ಟು ಚೆನ್ನಾಗಿ ಇರುತ್ತಿರಲಿಲ್ಲ. ಅದಕ್ಕೆ ಕರ್ಪೂರದ ಗುಳಿಗೆಯ ವಾಸನೆ ಹತ್ತಿತ್ತು.

“ತಗೋ ತಾಯಿ,” ಎಂದರು. “ಇವತ್ತೊಂದು ದಿನ ನೀನು ದೇವರ ಸಮ. ನಾಳೆಯಿಂದ ಎಲ್ಲಿ ಸೈನ್ ಹಾಕಿದ್ರೂ ಓದ್ಕೊಂಡು ಹಾಕು. ನಾಳೆಯಿಂದ ನಿನ್ನ ಕಾಯೋರು ಯಾರೂ ಇಲ್ಲ.”

ಹರಸಿದರೋ ಹೆದರಿಸಿದರೋ ನನಗೆ ಈಗಲೂ ತೀರ್ಮಾನವಾಗಿಲ್ಲ. ಸುಕನ್ಯ ಕವರನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ನಾನು ಮಂಡಿ ಹಿಡಿದುಕೊಂಡು ಏಳುತ್ತಿದ್ದೆ. ಅವರು ನನ್ನ ಭುಜಕ್ಕೆ ಕೈ ಕೊಟ್ಟು ಎಬ್ಬಿಸಿದರು.

“ಇಷ್ಟು ಮಕ್ಕಳಲ್ಲಿ ಇದೊಂದೇ ಕೇಳಿದ್ದು ರೈಟ್ರೇ. ಕೇಳಿದ್ರೆ ಯಾರಿಗಾದ್ರೂ ಕೊಡ್ತಿದ್ದೆ. ನಾನು ಹದಿನಾಲ್ಕರಲ್ಲಿ ಕೇಳಿದ್ರೆ ಆ ಗೋಡೌನಿನವ್ನೂ ಕೊಡ್ತಿದ್ನೋ ಏನೋ. ನೀವಾದ್ರೂ ಯಾವುದಾದ್ರೂ ಮಗೂಗೆ ಹೇಳ್ತೀರೇನೋ ಅಂತ ಮೊದಮೊದಲು ನೋಡ್ತಿದ್ದೆ. ಎರಡು ವರ್ಷ ನೋಡ್ದೆ. ಆಮೇಲೆ ನೋಡೋದೂ ಬಿಟ್ಟೆ.”

ಮಳೆ ಬಂತು, ಹೋಯಿತು ಎಂಬಂತೆ ಹೇಳಿದರು. ಹೊಸ ಕಾಗದವನ್ನು ಹರಿಯಲಿಲ್ಲ. ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅದೇ ನಾನು ಅವರನ್ನು ಕಡೆಯದಾಗಿ ನೋಡಿದ್ದು.

ಸುಕನ್ಯ ಅನಂತಪುರದಲ್ಲಿದ್ದಾಳೆ. ಹಾಸ್ಟೆಲಿನಲ್ಲಿ ನಾಲ್ಕು ಪುಟದ ಬಾಂಡಿಗೆ ಸಹಿ ಹಾಕಿ ಎಂದಾಗ, ನಾಲ್ಕೂ ಪುಟ ಓದಿ ಮುಗಿಸುವವರೆಗೆ ಹಿಂದಿದ್ದ ಸಾಲನ್ನು ನಿಲ್ಲಿಸಿದಳಂತೆ. ಫೋನಿನಲ್ಲಿ ಹೇಳಿ ನಕ್ಕಳು. ನಾನೂ ನಕ್ಕೆ.

ಯಜಮಾನರ ಕಾರ್ಯಕ್ಕೆ ಹಿಂದೂಪುರಕ್ಕೆ ಹೋದಾಗ ಆರನೇ ನಂಬರಿನ ಸ್ಟುಡಿಯೋ ಮುಂದೆ ನಿಂತೆ. ನುಡಿಯಲು ಕಲಿತ ನಾಲಿಗೆಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಅವತ್ತು ಹನ್ನೆರಡರಲ್ಲಿ ನೀನು ಹಾಕಿದ ಸಹಿ ಸಲ್ಲುವುದಿಲ್ಲ, ನೀನು ಪಾಲಿಟೆಕ್ನಿಕ್ಕಿಗೆ ಹೋಗಬಹುದಾಗಿತ್ತು ಎಂದೆ. ಅವನು ಲೆನ್ಸ್ ಒರೆಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಾಯ್ತು ಸಾರ್, ಹತ್ತು ವರ್ಷದ ಹಿಂದೇನೇ. ಯಾರೋ ಕಸ್ಟಮರ್ ಹೇಳಿದ್ರು,” ಎಂದ. “ಒಂದು ಫೋಟೋ ತೆಗೀಲಾ? ಬಹಳ ವರ್ಷದ್ದಾಯ್ತು ನಿಮ್ದು.”

ತೆಗೆಸಿಕೊಂಡೆ. ಒಳ್ಳೆಯ ಫೋಟೋ. ನಾನು ಇಷ್ಟು ಮುದುಕನಾಗಿರುವುದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹದಿನೈದು ದಿನದ ಕೆಳಗೆ ಯಜಮಾನರ ಮಗ ಫೋನು ಮಾಡಿದ. ಓದಿಕೊಂಡವನು, ಮರ್ಯಾದಸ್ಥ, ತಂದೆಯಂತೆಯೇ ಮೆಲುದನಿ.

“ರೈಟರ್ ಸಾರ್, ಅಪ್ಪ ಈ ವರ್ಷದ್ದು ಮುಂಚೇನೇ ಎಲ್ಲಾ ರೆಡಿ ಮಾಡಿ ಇಟ್ಟಿದಾರೆ. ಕ್ಯಾಲೆಂಡರಲ್ಲಿ ಮುಂದಿನ ತಿಂಗಳು ಇಬ್ಬರ ಹೆಸರು ಇದೆ. ಪೇಪರ್ಸ್‌ಗೆ ಅಪ್ಪ ಸೈನ್ ಕೂಡ ಮಾಡಿದಾರೆ, ತಾರೀಖು ಸಮೇತ. ಅಪ್ಪನ ಪದ್ಧತಿ ನಿಲ್ಲಿಸೋದು ಬೇಡ ಅಂತ. ಒಂದೇ ಗೊತ್ತಾಗ್ತಿಲ್ಲ. ಬಾದುಷಾ ಯಾವ ಅಂಗಡೀಲಿ ತರ್ತಿದ್ರು?”

ಮೊದಲನೇ ಪಾರ್ಟಿ ಸತ್ತಿದ್ದಾನೆ. ಸಹಿ ಮುಂದಿನ ತಿಂಗಳ ತಾರೀಖಿನಲ್ಲಿ ಬದುಕಿದೆ. ಅದರ ಕೆಳಗೆ ಮೊನ್ನೆ ಮೊನ್ನೆಯವರೆಗೆ ಮಗುವಾಗಿದ್ದ ಒಂದು ಕೈಗಾಗಿ ಖಾಲಿ ಜಾಗ. ಇಷ್ಟು ಪರಿಪೂರ್ಣವಾಗಿ ಅಸಿಂಧುವಾದ ಕಾಗದವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಇಷ್ಟು ಗಟ್ಟಿಯಾದದ್ದನ್ನೂ ಕಂಡಿಲ್ಲ. ಅದು ಸಲ್ಲುವುದಿಲ್ಲ ಎಂದು ಮಗನಿಗೆ ಹೇಳಿದೆ. “ಪರ್ವಾಲೇದು ಸಾರ್,” ಎಂದ, ಪರವಾಗಿಲ್ಲ ಎಂಬಂತೆ, “ಅವರು ಹಾಕ್ತಾರೆ.”

ಬಾದುಷಾ ಅಂಗಡಿ ಮುಚ್ಚಿಹೋಗಿದೆ ಎಂದು ಸುಳ್ಳು ಹೇಳಿದೆ. ಆ ಇಬ್ಬರ ಹೆಸರು, ಊರು ಹೇಳಪ್ಪ, ಬರೆದುಕೊಳ್ಳುತ್ತೇನೆ ಎಂದೆ. ಪಾಪ, ಸಹಿ ಹಾಕಿಸಿಕೊಂಡು ಬರುವ ಕೆಲಸಕ್ಕೆ ಒಪ್ಪಿದೆನೆಂದು ತಿಳಿದು ಸಂತೋಷದಿಂದ ಹೇಳಿದ.

ಮೊದಲನೆಯವನು ಬೆಳುಗುಪ್ಪದ ಹುಡುಗ. ತಂದೆ ಮೂರನೇ ನಂಬರಿನಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಹುಟ್ಟಿದ ದಿನಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಕೈಯಲ್ಲಿ ಏನೂ ಒಯ್ದಿರಲಿಲ್ಲ. ಬೇಕೆಂದೇ ಒಯ್ದಿರಲಿಲ್ಲ.

ಬಾಗಿಲು ತೆರೆದ ಹುಡುಗ ನನ್ನ ಮುಖ ನೋಡಲಿಲ್ಲ, ಮೊದಲು ಕೈ ನೋಡಿದ.

ನಾನು ಹೇಳಬೇಕೆಂದುಕೊಂಡು ಹೋಗಿದ್ದ ಮಾತಿನ ಬದಲು ನನ್ನ ಬಾಯಿಂದ, “ಎಷ್ಟನೇ ಕ್ಲಾಸಪ್ಪ?” ಎಂಬುದು ಬಂತು.

“ಇಂಟರ್ ಸೆಕೆಂಡ್ ಇಯರ್. ಹಿಂದೂಪುರದ ರೈಟರ್ ತಾತ ಅಲ್ವಾ ನೀವು? ಅಮ್ಮ, ರೈಟರ್ ತಾತ ಬಂದವ್ರೆ.”

ನಾನು ಇನ್ನೂ ಕೂತಿರಲಿಲ್ಲ. ತಾಯಿ ಕೈ ಒರೆಸಿಕೊಳ್ಳುತ್ತ ಬಂದು, ನನ್ನನ್ನು ಕಂಡು, ಏನೂ ಕೇಳದೆ ಒಳಗೆ ಹೋಗಿ ಪೆನ್ನು ತಂದು ಮಗನ ಕೈಗೆ ಕೊಟ್ಟಳು.

“ಸಹಿ ಬೇಕಾಗಿಲ್ಲ ಕಣಪ್ಪ,” ಎಂದೆ. “ಹಿಂದೆ ಹಾಕಿದ್ದೂ ಲೆಕ್ಕಕ್ಕಿಲ್ಲ. ಮುಂದೆ ಹಾಕೋದೂ ಬೇಕಾಗಿಲ್ಲ. ಅದನ್ನ ಹೇಳೋಕೇ ಬಂದೆ.”

ಹುಡುಗ ತಲೆಯಾಡಿಸಿದ. ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದ.

“ಸರಿ ತಾತ,” ಎಂದ. “ಎಲ್ಲಿ ಹಾಕ್ಬೇಕು, ತೋರ್ಸಿ.”